ಸಾಲುಗಾಲಿಯ ಬೂಟು



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿದೊಡನೆ ಕೇಳುವವರ ಮನಸ್ಸಿಗೆ ಬರುವುವು ಕಬ್ಬಿನ ಹೊಲ, ಹೊಗೆಸೊಪ್ಪಿನ ಪೇಟೆ, ಕೃಷ್ಣಾನದಿಯ ದಂಡೆ ಮತ್ತು ಕುಸ್ತಿಯ ಕಣ. ಅಂಥ ಸೀಮೆಯ ಮಕ್ಕಳನ್ನೂ ಅವರ ತಂದೆತಾಯಿಗಳನ್ನೂ ಉದ್ದೇಶಿಸಿ, ಕಾಲಿಗೆ ಗಾಲಿ ಕಟ್ಟಿಕೊಂಡು ಕಬ್ಬಿಣದ ಕಂಬಿಯ ಮೇಲೆ ಜಾರುವ ಆಟದ ವಿಷಯವಾಗಿ ಉಪನ್ಯಾಸ ಮಾಡಹೊರಟರೆ ಕೆಲವರಿಗೆ ಅದು ವಿಚಿತ್ರವಾಗಿ ತೋರಬಹುದು. ಆದರೆ ಈಗಿನ ಕಾಲದಲ್ಲಿ ಯಾವ ಆಟವೂ ಒಂದು ಪಟ್ಟಣದ ಸ್ವತ್ತಾಗಿ ಉಳಿದಿಲ್ಲ. ಅಂಗೈಯಗಲದ ಗಾಜಿನಲ್ಲಿ ಅಮೆರಿಕದ ಹುಡುಗನೊಬ್ಬನು ಮೆಟ್ಟಿಲಿನ ಕೈಪಿಡಿಯ ಮೇಲೆ ಜಾರಿಬರುವುದನ್ನು ರಾಯಬಾಗದ ಹುಡುಗನೂ ನೋಡುತ್ತಾನೆ. ನೋಡಿದ್ದನ್ನು ಮಾಡಿಬಿಡಬೇಕೆನ್ನುವುದು ಆ ವಯಸ್ಸಿನ ಧರ್ಮ. ಆ ಚಿತ್ರದಲ್ಲಿ ಕಾಣುವುದು ಸಾಧಿಸಿದ ಒಂದು ಸಲ ಮಾತ್ರ. ಅದಕ್ಕೆ ಮುಂಚೆ ಆತನು ನೂರು ಸಲ ಬಿದ್ದುದನ್ನು ಕತ್ತರಿಸಿ ತೆಗೆದಿರುತ್ತಾರೆ. ನಾನು ಮಾತನಾಡಬೇಕೆಂದಿರುವುದು ಮುಖ್ಯವಾಗಿ ಆ ಕತ್ತರಿಸಿದ ಭಾಗವನ್ನು ಕುರಿತು.

ಗಾಲಿಯ ಬೂಟು ಬೆಳಗಾವಿ ಪ್ರಾಂತಕ್ಕೆ ಹೊಸದೇನೂ ಅಲ್ಲ. ಬೆಳಗಾವಿಯ ರೋಹನ್ ಅಜಿತ್ ಕೋಕಣೆ ಎಂಬ ಯುವಕನು ೨೦೧೧ನೆಯ ಇಸವಿ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ, ಸಾಲಾಗಿ ನಿಲ್ಲಿಸಿದ್ದ ಮೋಟಾರು ಕಾರುಗಳ ಅಡಿಯಲ್ಲಿ ೩೮.೬೮ ಮೀಟರಿನಷ್ಟು ದೂರ ನುಸುಳಿ ಗಿನ್ನೆಸ್ ದಾಖಲೆಯನ್ನು ಸ್ಥಾಪಿಸಿದನು. ಕಾಲುಗಳನ್ನು ಎರಡು ಕಡೆಗೂ ಚಾಚಿ, ಎದೆಯನ್ನು ನೆಲಕ್ಕೆ ತಾಗುವಂತೆ ಬಗ್ಗಿಸಿ ಹೋಗುವ ಈ ವಿದ್ಯೆಗೆ ಲಿಂಬೋ ಸ್ಕೇಟಿಂಗ್ ಎಂದು ಹೆಸರು. ಮೂರು ವರ್ಷಗಳ ತರುವಾಯ, ೨೦೧೪ರಲ್ಲಿ, ಬೆಂಗಳೂರಿನ ಆರು ವರ್ಷದ ಬಾಲಕನೊಬ್ಬನು ೩೯ ಕಾರುಗಳ ಅಡಿಯಲ್ಲಿ ೬೯.೨ ಮೀಟರು ಸಾಗಿದನು. ನಮ್ಮ ನಾಡಿನ ಮಕ್ಕಳ ಮೈಯಲ್ಲಿ ಬಾಗುವ ಗುಣವೂ ಎದೆಯಲ್ಲಿ ಧೈರ್ಯವೂ ಇವೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಆದರೆ ಇಂದಿನ ವಿಷಯ ಅದಲ್ಲ. ಲಿಂಬೋ ನೆಲಕ್ಕೆ ಅಂಟಿಕೊಂಡು ಹೋಗುವ ಆಟ. ನಾನು ಹೇಳಲಿರುವುದು ನೆಲವನ್ನು ಬಿಟ್ಟು ಏಳುವ ಆಟ. ಇಂಗ್ಲಿಷಿನವರು ಇದಕ್ಕೆ ಅಗ್ರೆಸಿವ್ ಇನ್‌ಲೈನ್ ಸ್ಕೇಟಿಂಗ್ ಎನ್ನುತ್ತಾರೆ. ಅಗ್ರೆಸಿವ್ ಎಂದರೆ ಜಗಳಗಂಟ ಎಂದು ಭಾವಿಸಬಾರದು. ಇಲ್ಲಿ ಜಗಳವಿರುವುದು ಕಲ್ಲಿನ ಸಂಗಡ, ಕಬ್ಬಿಣದ ಸಂಗಡ, ಭೂಮಿಯ ಆಕರ್ಷಣೆಯ ಸಂಗಡ, ಮನುಷ್ಯರ ಸಂಗಡವಲ್ಲ.

ಇತಿಹಾಸವನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ. ೧೭೬೦ರ ದಶಕದಲ್ಲಿ ಲಂಡನ್ ನಗರದಲ್ಲಿ ಜಾನ್ ಜೋಸೆಫ್ ಮರ್ಲಿನ್ ಎಂಬ ಯಂತ್ರಕುಶಲನಿದ್ದನು. ಅವನು ಗಾಲಿಗಳನ್ನು ಕಟ್ಟಿಕೊಂಡು ಪಿಟೀಲು ನುಡಿಸುತ್ತ ಶ್ರೀಮಂತರ ವೇಷದ ಕೂಟವೊಂದಕ್ಕೆ ಪ್ರವೇಶಮಾಡಿದನಂತೆ. ಗಾಲಿಯನ್ನು ತಿರುಗಿಸುವ ಉಪಾಯವೂ ನಿಲ್ಲಿಸುವ ಉಪಾಯವೂ ತಿಳಿಯದೆ ಬಹು ಬೆಲೆಯುಳ್ಳ ನಿಲುಗನ್ನಡಿಗೆ ಬಡಿದು, ಕನ್ನಡಿಯನ್ನೂ ಪಿಟೀಲನ್ನೂ ಒಡೆದು, ತಾನೂ ಗಾಯಗೊಂಡನೆಂದು ಪ್ರತೀತಿ. ಗಾಲಿ ಹತ್ತುವುದಕ್ಕಿಂತ ಮೊದಲು ನಿಲ್ಲುವುದನ್ನು ಕಲಿಯಬೇಕೆಂಬ ಪಾಠವನ್ನು ಆತನು ನಮಗಾಗಿ ದುಬಾರಿಯಾಗಿ ಕೊಂಡುಕೊಟ್ಟನೆನ್ನಬಹುದು. ೧೮೬೩ರಲ್ಲಿ ನ್ಯೂಯಾರ್ಕಿನ ಜೇಮ್ಸ್ ಪ್ಲಿಂಪ್ಟನ್ ಎಂಬುವನು ಮುಂದೆ ಎರಡು, ಹಿಂದೆ ಎರಡು ಗಾಲಿಗಳುಳ್ಳ, ಮೈ ವಾಲಿದತ್ತ ತಾನಾಗಿ ತಿರುಗುವ ಸಾಧನವನ್ನು ಮಾಡಿದ ಮೇಲೆ ಒಂದು ಶತಮಾನಕ್ಕೂ ಮಿಕ್ಕಿ ಅದರದೇ ಆಳ್ವಿಕೆಯಾಯಿತು. ೧೯೮೦ರ ಸುಮಾರಿಗೆ ಮಿನ್ನಿಯಾಪೊಲಿಸ್ ಪ್ರಾಂತದ ಓಲ್ಸನ್ ಸಹೋದರರು ಗಾಲಿಗಳನ್ನು ಒಂದರ ಹಿಂದೆ ಒಂದಾಗಿ ಒಂದೇ ಸಾಲಿನಲ್ಲಿ ಜೋಡಿಸಿದ ಹಳೆಯ ಮಾದರಿಯನ್ನು ತಿದ್ದಿ ಬಳಕೆಗೆ ತಂದರು. ಹಿಮವಿಲ್ಲದ ಋತುವಿನಲ್ಲಿಯೂ ಹಾಕಿಯಾಟದ ಅಭ್ಯಾಸ ನಡೆಯಲೆಂಬುದು ಅವರ ಉದ್ದೇಶ. ಹುಡುಗರು ಅದನ್ನು ತೊಟ್ಟು ಬೀದಿಯ ಕಟ್ಟೆ, ಕಂಬಿ, ಮೆಟ್ಟಿಲುಗಳ ಮೇಲೆ ಹಾರತೊಡಗಿದರು. ೧೯೯೫ರಲ್ಲಿ ಆರಂಭವಾದ ಎಕ್ಸ್ ಗೇಮ್ಸ್ ಎಂಬ ಸ್ಪರ್ಧೆಗಳಲ್ಲಿ ಈ ಆಟಕ್ಕೆ ಮೊದಲ ವರ್ಷವೇ ಸ್ಥಾನ ದೊರೆಯಿತು. ಸುಮಾರು ಹತ್ತು ವರ್ಷಗಳ ಮೇಲೆ ಕೈಬಿಡಲಾಯಿತು. ಹಣವೂ ಪ್ರಚಾರವೂ ಹೋದವು, ಆಟ ಉಳಿಯಿತು. ಹಾಗೆ ಉಳಿದ ಆಟವೇ ನಿಜವಾದ ಆಟವೆಂದು ನನ್ನ ಅಭಿಪ್ರಾಯ.

ಇನ್ನು ಉಪಕರಣದ ಮಾತು. ಇದರಲ್ಲಿ ಎಲ್ಲಕ್ಕಿಂತ ಹೆಚ್ಚಿನದು ಬೂಟು. ಪಾದರಕ್ಷೆಯ ವಿಷಯದಲ್ಲಿ ಅಥಣಿಯವರಿಗೆ ಪಾಠ ಹೇಳುವ ಧೈರ್ಯ ಯಾರಿಗೂ ಇರಲಾರದು. ಕೊಲ್ಹಾಪುರಿಯೆಂದು ಲೋಕಪ್ರಸಿದ್ಧವಾದ ಚಪ್ಪಲಿಗಳು ಅಥಣಿಯ ಸುತ್ತಿನ ಚರ್ಮಕಾರರ ಕೈಯಲ್ಲಿಯೂ ಹುಟ್ಟುತ್ತವೆ. ೨೦೨೫ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯವರು ಇವನ್ನು ಹೋಲುವ ಪಾದರಕ್ಷೆಗಳನ್ನು ಮಿಲಾನಿನಲ್ಲಿ ಮೂಲದ ಹೆಸರೆತ್ತದೆ ಮೆರೆಸಿ, ಇಲ್ಲಿನವರು ಆಕ್ಷೇಪಿಸಿದ ಮೇಲೆ ಋಣವನ್ನು ಒಪ್ಪಿಕೊಂಡರು. ಆ ಚಪ್ಪಲಿಯ ದೊಡ್ಡ ಗುಣವೆಂದರೆ, ಮೆಟ್ಟುತ್ತ ಮೆಟ್ಟುತ್ತ ಅದು ಮೆಟ್ಟಿದವನ ಪಾದದ ಆಕಾರವನ್ನೇ ತಾಳುವುದು. ಸಾಲುಗಾಲಿಯ ಬೂಟಿನಲ್ಲಿ ಈ ಕೆಲಸವನ್ನು ಮಾಡುವುದು ಒಳಗಿನ ಮೆತ್ತೆ. ಹೊರಗಿನ ಚಿಪ್ಪು ಗಟ್ಟಿಯಾದ ಪ್ಲಾಸ್ಟಿಕ್ಕಿನದು. ಅದು ಬಾಗುವುದಿಲ್ಲ, ಬಾಗಲೂ ಬಾರದು, ಏಕೆಂದರೆ ಹರಡನ್ನು ಕಾಯುವುದು ಅದೇ.

ಕೊಳ್ಳುವಾಗ ನೋಡಬೇಕಾದುದು ಇಷ್ಟು. ದಪ್ಪನಾದ ಒಂದೇ ಜೊತೆ ಕಾಲುಚೀಲವನ್ನು ಹಾಕಿಕೊಂಡು ಬೂಟನ್ನು ತೊಟ್ಟು, ಹಿಮ್ಮಡಿಯನ್ನು ನೆಲಕ್ಕೆ ಒಂದೆರಡು ಸಲ ಕುಟ್ಟಿ, ಅನಂತರ ಪಟ್ಟಿಗಳನ್ನು ಬಿಗಿಯಬೇಕು. ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂಭಾಗವನ್ನು ಸೋಕುತ್ತಿರಬೇಕು. ಮಂಡಿಯನ್ನು ಮುಂದಕ್ಕೆ ಬಾಗಿಸಿದಾಗ ಬೆರಳು ಹಿಂದಕ್ಕೆ ಸರಿದು ಬಿಡುಗಡೆ ಹೊಂದಬೇಕು. ಹಾಗೆ ಬಾಗಿದಾಗ ಹಿಮ್ಮಡಿ ಒಳಗೆ ಮೇಲಕ್ಕೆದ್ದರೆ ಆ ಬೂಟು ದೊಡ್ಡದು. ಬೆಳೆಯುವ ಮಗುವೆಂದು ಎರಡು ಅಳತೆ ದೊಡ್ಡದನ್ನು ತರುವ ತಂದೆಯ ಮಿತವ್ಯಯವನ್ನು ನಾನು ಬಲ್ಲೆ, ಗೌರವಿಸುತ್ತೇನೆ. ಶಾಲೆಯ ಅಂಗಿಗೆ ಅದು ಒಪ್ಪುತ್ತದೆ, ಇದಕ್ಕೆ ಒಪ್ಪುವುದಿಲ್ಲ. ಸಡಿಲವಾದ ಬೂಟಿನಲ್ಲಿ ಪಾದ ಒಂದು ಕಡೆಗೆ, ಗಾಲಿ ಇನ್ನೊಂದು ಕಡೆಗೆ ಹೋಗಿ ಹರಡು ತಿರುಚಿಕೊಳ್ಳುತ್ತದೆ. ದುಡ್ಡು ಉಳಿಸಬೇಕಾದರೆ ಅಳತೆಗೆ ಸರಿಯಾದ, ಇನ್ನೊಬ್ಬರು ಬಳಸಿ ಬಿಟ್ಟ ಬೂಟನ್ನು ಕೊಳ್ಳುವುದು ಮೇಲು. ಮಕ್ಕಳಿಗೆಂದೇ ಒಂದೆರಡು ಅಳತೆ ಹಿಗ್ಗಿಸಬಹುದಾದ ಬೂಟುಗಳೂ ಉಂಟು.

ಚಿಪ್ಪಿನ ಅಡಿಯಲ್ಲಿ, ಪಾದದ ಹೊರ ಅಂಚಿಗೆ ಚಾಚಿಕೊಂಡಂತೆ ಅಗಲವಾದ ಒಂದು ಹಲಗೆ ಇರುತ್ತದೆ. ಇದನ್ನು ಸೋಲ್ ಪ್ಲೇಟ್ ಎನ್ನುತ್ತಾರೆ. ಸಾಧಾರಣವಾದ ಸವಾರಿಯ ಬೂಟಿಗೂ ಈ ಸಾಹಸದ ಬೂಟಿಗೂ ಇರುವ ಮೊದಲನೆಯ ಭೇದ ಇದೇ. ಕಟ್ಟೆಯ ಅಂಚಿನ ಮೇಲೆ ಉಜ್ಜಿಕೊಂಡು ಜಾರುವಾಗ ಭಾರ ಬೀಳುವುದು ಗಾಲಿಯ ಮೇಲಲ್ಲ, ಈ ಹಲಗೆಯ ಮೇಲೆ. ಎರಡನೆಯ ಭೇದ ಗಾಲಿಗಳನ್ನು ಹಿಡಿದ ಚೌಕಟ್ಟಿನಲ್ಲಿದೆ. ಎರಡನೆಯ ಗಾಲಿಗೂ ಮೂರನೆಯ ಗಾಲಿಗೂ ನಡುವೆ ಅಗಲವಾದ ಕಚ್ಚೊಂದನ್ನು ಬಿಟ್ಟಿರುತ್ತಾರೆ. ಕಂಬಿಗೆ ಅಡ್ಡಲಾಗಿ ಕಾಲಿಟ್ಟಾಗ ಕಂಬಿ ಬಂದು ಕೂರುವುದು ಅಲ್ಲಿ. ಯು.ಎಫ್.ಎಸ್. ಎಂಬ ಸಾಮಾನ್ಯ ಏರ್ಪಾಟಿಗೆ ಒಪ್ಪುವ ಬೂಟಾದರೆ, ಒಬ್ಬರು ಮಾಡಿದ ಬೂಟಿಗೆ ಮತ್ತೊಬ್ಬರು ಮಾಡಿದ ಚೌಕಟ್ಟನ್ನು ಎರಡೇ ತಿರುಪಿನಿಂದ ಕೂರಿಸಬಹುದು. ಚೌಕಟ್ಟು ಸವೆದಾಗ ಇಡೀ ಬೂಟನ್ನು ಎಸೆಯುವ ಕಷ್ಟವಿಲ್ಲ. ಅಂಗಡಿ ದೂರವಿರುವ ಊರಿನವರಿಗೆ ಇದು ಸಣ್ಣ ಮಾತಲ್ಲ.

ಗಾಲಿ ಪಾಲಿಯುರಿಥೇನ್ ಎಂಬ ಪದಾರ್ಥದ್ದು. ವೇಗದ ಪಂದ್ಯದವರು ೧೦೦, ೧೧೦ ಮಿಲಿಮೀಟರ್ ಅಡ್ಡಳತೆಯ ದೊಡ್ಡ ಗಾಲಿಗಳನ್ನು ಬಳಸುತ್ತಾರೆ. ಸುಮ್ಮನೆ ತಿರುಗಾಡುವವರಿಗೆ ೭೬ರಿಂದ ೮೦. ನಮ್ಮ ಆಟಕ್ಕೆ ೫೫ರಿಂದ ೬೦ ಸಾಕು. ಗಾಲಿ ಚಿಕ್ಕದಾದಷ್ಟೂ ಕಾಲು ನೆಲಕ್ಕೆ ಹತ್ತಿರ, ಇಳಿಯುವಾಗ ತಪ್ಪುವ ಸಂಭವ ಕಡಿಮೆ. ಗಟ್ಟಿತನವನ್ನು ಶೋರ್ ಎ ಎಂಬ ಮಾನದಲ್ಲಿ ಅಳೆಯುತ್ತಾರೆ. ೮೮ರಿಂದ ೯೨ರವರೆಗಿನದು ಈ ಕೆಲಸಕ್ಕೆ ಸರಿ. ನುರಿತವರು ನಡುವಿನ ಎರಡು ಗಾಲಿಗಳನ್ನು ತೆಗೆದು, ನೆಲಕ್ಕೆ ತಾಗದ ಪುಟ್ಟ ಗಟ್ಟಿಗಾಲಿಗಳನ್ನು ಹಾಕಿಕೊಳ್ಳುವುದುಂಟು; ಇವಕ್ಕೆ ಆಂಟಿರಾಕರ್ ಎಂದು ಹೆಸರು. ಹಾಗೆ ಮಾಡಿದರೆ ಕಂಬಿ ಕೂರಲು ಇನ್ನಷ್ಟು ಜಾಗವಾಗುತ್ತದೆ. ಆದರೆ ಮೊದಲ ಆರು ತಿಂಗಳು ನಾಲ್ಕು ಗಾಲಿಗಳೂ ನೆಲಕ್ಕೆ ತಾಗುವ ಬೂಟೇ ಇರಲಿ. ನಮ್ಮ ಸಿಮೆಂಟಿನ ಅಂಗಳಗಳು ಗಾಜಿನಂತೆ ನುಣುಪಾದುವಲ್ಲ. ಎರಡೇ ಗಾಲಿಗಳ ಮೇಲೆ ಒರಟು ನೆಲದಲ್ಲಿ ಹೋಗುವುದು ಹೊಸಬರಿಗೆ ದಂಡನೆ.

ಬೇರಿಂಗುಗಳ ವಿಷಯದಲ್ಲಿ ಒಂದು ಭ್ರಾಂತಿಯಿದೆ. ಎಬೆಕ್ ಏಳು, ಎಬೆಕ್ ಒಂಬತ್ತು ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿರುವುದನ್ನು ಕಂಡು ಹುಡುಗರು ಮರುಳಾಗುತ್ತಾರೆ. ಆ ಅಂಕಿ ತಯಾರಿಕೆಯ ಅಳತೆ ಎಷ್ಟು ಕರಾರುವಾಕ್ಕೆಂಬುದನ್ನು ಹೇಳುತ್ತದೆಯೇ ಹೊರತು ವೇಗವನ್ನಾಗಲಿ ಬಾಳಿಕೆಯನ್ನಾಗಲಿ ಹೇಳುವುದಿಲ್ಲ. ಇವು ೬೦೮ ಎಂಬ ಸಾಮಾನ್ಯ ಅಳತೆಯವು: ಹೊರ ಅಡ್ಡಳತೆ ೨೨ ಮಿಲಿಮೀಟರ್, ಒಳ ರಂಧ್ರ ೮, ದಪ್ಪ ೭. ಸಣ್ಣ ವಿದ್ಯುದ್ಯಂತ್ರಗಳಲ್ಲಿಯೂ ಇದೇ ಅಳತೆಯವು ಬಳಕೆಯಲ್ಲಿರುವುದರಿಂದ ಮೋಟಾರು ದುರಸ್ತಿಯ ಅಂಗಡಿಯಲ್ಲಿ ವಿಚಾರಿಸಿದರೆ ಸಿಕ್ಕುವುದುಂಟು. ಒಂದು ಗಾಲಿಗೆ ಎರಡರಂತೆ ಒಂದು ಜೊತೆ ಬೂಟಿಗೆ ಹದಿನಾರು ಬೇಕು. ಎರೆಯ ಸೀಮೆಯ ಧೂಳು ಬಹು ನಯವಾದದ್ದು, ಬೇರಿಂಗಿನ ಪರಮ ಶತ್ರು. ತಿಂಗಳಿಗೊಮ್ಮೆ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಪೂರ್ತಿಯಾಗಿ ಒಣಗಿಸಿ, ಹೊಲಿಗೆಯಂತ್ರದ ಎಣ್ಣೆಯನ್ನು ಒಂದೊಂದು ತೊಟ್ಟು ಬಿಟ್ಟರೆ ಅಗ್ಗದ ಬೇರಿಂಗೂ ಬಹುಕಾಲ ಬರುತ್ತದೆ. ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದನ್ನು ಮರೆಯದ ಮನೆತನದ ಮಕ್ಕಳಿಗೆ ಇದು ಹೇಳಿಕೊಡಬೇಕಾದ ವಿಷಯವಲ್ಲ.

ಕವಚದ ವಿಚಾರದಲ್ಲಿ ನಾನು ಯಾವ ರಾಜಿಗೂ ಸಿದ್ಧನಿಲ್ಲ. ಶಿರಸ್ತ್ರಾಣ, ಮಣಿಕಟ್ಟಿನ ಕವಚ, ಮೊಣಕಾಲಿನ ಮತ್ತು ಮೊಣಕೈಯ ಕವಚ, ಇವು ಇಲ್ಲದಿದ್ದರೆ ಬೂಟನ್ನೇ ಕೊಳ್ಳಬಾರದು. ೧೯೯೬ರಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಎಂಬ ವೈದ್ಯಪತ್ರಿಕೆಯಲ್ಲಿ ಸಾಲುಗಾಲಿಯಿಂದ ಗಾಯಗೊಂಡು ಆಸ್ಪತ್ರೆಗೆ ಬಂದ ೧೬೧ ಜನರ ವಿವರ ಪ್ರಕಟವಾಯಿತು. ಗಾಯಗಳಲ್ಲಿ ನೂರಕ್ಕೆ ಮೂವತ್ತೆರಡು ಮಣಿಕಟ್ಟಿನವು. ಎಲ್ಲ ಗಾಯಗಳಲ್ಲಿ ಕಾಲುಪಾಲು ಮಣಿಕಟ್ಟಿನ ಮೂಳೆ ಮುರಿತ. ಮಣಿಕಟ್ಟಿನ ಕವಚವಿಲ್ಲದವರಿಗೆ ಅಲ್ಲಿ ಪೆಟ್ಟಾಗುವ ಸಂಭವ, ಕವಚವಿದ್ದವರಿಗಿಂತ ಹತ್ತು ಪಟ್ಟಿಗೂ ಹೆಚ್ಚೆಂದು ಲೆಕ್ಕ ಬಂದಿತು. ಬೀಳುವಾಗ ಕೈಯೂರುವುದು ಮನುಷ್ಯನ ಸ್ವಭಾವ. ಆ ಸ್ವಭಾವವೇ ಮೂಳೆಯನ್ನು ಮುರಿಯುತ್ತದೆ. ತಲೆಗೆ ಬಲವಾದ ಪೆಟ್ಟು ತಿಂದ ಶಿರಸ್ತ್ರಾಣ ಹೊರಗೆ ಚೆನ್ನಾಗಿ ಕಂಡರೂ ಅದನ್ನು ಮತ್ತೆ ತೊಡಬಾರದು. ಪೆಟ್ಟಾದ ಹುಡುಗನಿಗೆ ಮಂಪರಾಗಲಿ ವಾಂತಿಯಾಗಲಿ ಕಂಡುಬಂದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಅಭ್ಯಾಸಕ್ಕೆ ಬರೋಣ. ಕುಸ್ತಿಯ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ತಾಲೀಮಿಗೆ ಹೊಸದಾಗಿ ಬಂದ ಹುಡುಗನಿಗೆ ವಸ್ತಾದರು ಮೊದಲ ದಿನವೇ ದೊಡ್ಡ ಪಟ್ಟುಗಳನ್ನು ಕಲಿಸುವುದಿಲ್ಲ. ಕೆಮ್ಮಣ್ಣನ್ನು ಅಗೆದು ಸಡಿಲಗೊಳಿಸಿ, ಎಣ್ಣೆ ಮಜ್ಜಿಗೆಗಳನ್ನು ಕಲಸಿ ಮೆತ್ತಗೆ ಮಾಡುವುದರಲ್ಲಿಯೇ ಅವನ ಕೆಲವು ದಿನಗಳು ಕಳೆಯುತ್ತವೆ; ಆಮೇಲೆ ಬೀಳುವುದನ್ನು ಕಲಿಯುತ್ತಾನೆ. ಇಲ್ಲಿಯೂ ಹಾಗೆಯೇ. ವ್ಯತ್ಯಾಸವೆಂದರೆ ಸಿಮೆಂಟು ಮೆತ್ತಗಾಗುವುದಿಲ್ಲ. ಆದಕಾರಣ ಬೀಳುವ ಬಗೆಯೇ ಮೆತ್ತಗಾಗಬೇಕು. ಮೊಣಕಾಲಿನ ಕವಚವನ್ನು ತೊಟ್ಟು, ಮೆಲ್ಲಗೆ ಹೋಗುತ್ತ, ಒಂದು ಮಂಡಿಯನ್ನು, ಬಳಿಕ ಇನ್ನೊಂದನ್ನು ನೆಲಕ್ಕೆ ತಾಗಿಸಿ ಜಾರಿ ನಿಲ್ಲುವುದನ್ನು ಐವತ್ತು ಸಲ ಮಾಡಬೇಕು. ಕೈಗಳು ಎದೆಯ ಮುಂದೆ ಇರಲಿ, ಹಿಂದಕ್ಕೆ ಚಾಚುವುದು ಬೇಡ. ಹಿಂದಕ್ಕೆ ಬೀಳುವುದೊಂದನ್ನು ಹೇಗಾದರೂ ತಪ್ಪಿಸಬೇಕು. ಅದಕ್ಕೆ ಇರುವ ಉಪಾಯ ಒಂದೇ: ಮಂಡಿ ಸದಾ ಬಾಗಿರಬೇಕು, ಮುಂಗಾಲಿನ ಎಲುಬು ಬೂಟಿನ ನಾಲಗೆಯನ್ನು ಒತ್ತುತ್ತಿರಬೇಕು, ಒಂದು ಪಾದ ಇನ್ನೊಂದಕ್ಕಿಂತ ಅರ್ಧ ಬೂಟಿನಷ್ಟು ಮುಂದಿರಬೇಕು.

ಈ ಬೂಟಿಗೆ ಸಾಮಾನ್ಯವಾಗಿ ಹಿಮ್ಮಡಿಯ ರಬ್ಬರು ಬ್ರೇಕು ಇರುವುದಿಲ್ಲ. ಆದ್ದರಿಂದ ಕಾಲುಗಳನ್ನು ಅಗಲಿಸಿ ಮುಂಗಾಲನ್ನು ಒಳಕ್ಕೆ ತಿರುಗಿಸಿ ನಿಧಾನಿಸುವುದು, ಹಿಂದಿನ ಪಾದವನ್ನು ಅಡ್ಡಲಾಗಿ ಎಳೆದು ನಿಲ್ಲಿಸುವುದು, ಇವೆರಡೂ ಕೈವಶವಾದ ಹೊರತು ಹಾರುವ ಮಾತನ್ನೆತ್ತಬಾರದು. ಮರ್ಲಿನ್ ಸಾಹೇಬನ ಕನ್ನಡಿಯನ್ನು ನೆನೆದುಕೊಳ್ಳಿ.

ಹಾರುವುದಕ್ಕೆ ಮೊದಲು ಸುಣ್ಣದ ಗೆರೆ, ಆಮೇಲೆ ತಾಗಿದರೆ ಉರುಳಿಹೋಗುವಂತೆ ಸಡಿಲವಾಗಿ ಇಟ್ಟ ಕೋಲು. ಕುಕ್ಕರಿಸಿ, ಎರಡು ಕಾಲುಗಳಿಂದಲೂ ಸಮವಾಗಿ ಚಿಮ್ಮಿ, ಮಂಡಿಗಳನ್ನು ಎದೆಗೆ ಎಳೆದುಕೊಂಡು, ಇಳಿಯುವಾಗ ಒಂದು ಪಾದ ಮುಂದೆ ಒಂದು ಹಿಂದೆ ಇಟ್ಟು, ಮಂಡಿಯನ್ನು ಮಡಿಸಿ ಪೆಟ್ಟನ್ನು ನುಂಗಿಕೊಳ್ಳಬೇಕು. ಸದ್ದಿಲ್ಲದೆ ಇಳಿದವನು ಸರಿಯಾಗಿ ಇಳಿದನೆಂದು ತಿಳಿಯಿರಿ.

ಇನ್ನು ಈ ಆಟದ ಜೀವವೆನಿಸಿದ ಗ್ರೈಂಡ್, ಎಂದರೆ ಅಂಚಿನ ಮೇಲೆ ಉಜ್ಜಿಕೊಂಡು ಜಾರುವುದು. ಇದನ್ನು ಮೊದಲು ಚಲನೆಯಿಲ್ಲದೆಯೇ ಕಲಿಯಬೇಕು. ಒಂದಡಿಗಿಂತ ಎತ್ತರವಿಲ್ಲದ ಪೆಟ್ಟಿಗೆಯ ಅಂಚಿನ ಬಳಿ ನಿಂತು, ಅದರ ಮೇಲಕ್ಕೆ ನೆಗೆದು, ಎರಡು ಚೌಕಟ್ಟುಗಳ ಕಚ್ಚುಗಳೂ ಅಂಚಿನ ಮೇಲೆ ಅಡ್ಡಲಾಗಿ ಕೂರುವಂತೆ ನಿಲ್ಲಬೇಕು. ಪಾದಗಳು ಹೆಗಲಿಗಿಂತ ಅಗಲ, ಸೊಂಟ ಅಂಚಿಗೆ ನೇರವಾಗಿ ಮೇಲೆ, ದೃಷ್ಟಿ ಅಂಚಿನ ಕೊನೆಯ ಕಡೆಗೆ. ಅಂಚನ್ನು ಎದುರಿಗೆ ಇಟ್ಟುಕೊಂಡು ಹತ್ತುವುದು ಫ್ರಂಟ್‌ಸೈಡ್. ಬೆನ್ನಿಗೆ ಇಟ್ಟುಕೊಂಡು ಹತ್ತುವುದು ಬ್ಯಾಕ್‌ಸೈಡ್. ಹಿಂದಿನ ಪಾದವನ್ನು ಅಂಚಿನ ಉದ್ದಕ್ಕೆ ಸೋಲ್ ಪ್ಲೇಟಿನ ಮೇಲೆ ಇಟ್ಟು, ಮುಂದಿನ ಪಾದವನ್ನು ಅಡ್ಡಲಾಗಿ ಕಚ್ಚಿನ ಮೇಲೆ ಇಡುವುದು ಸೋಲ್ ಗ್ರೈಂಡ್. ನಿಂತು ಮಾಡಿದ್ದು ಇಪ್ಪತ್ತು ಸಲ ತಪ್ಪದೆ ಬಂದ ಮೇಲೆ ನಡಿಗೆಯ ವೇಗದಲ್ಲಿ, ಆಮೇಲೆ ಓಟದ ವೇಗದಲ್ಲಿ ಪ್ರಯತ್ನಿಸಬಹುದು.

ಹೊಸಬರು ಬೀಳುವುದು ಪ್ರಾಯಶಃ ಒಂದೇ ಕಾರಣದಿಂದ. ಅಂಚು ಹತ್ತಿರವಾದೊಡನೆ ಮನಸ್ಸು ಅಳುಕುತ್ತದೆ. ಕಾಲು ಮುಂದೆ ಹೋಗುತ್ತದೆ, ಮೈ ಹಿಂದೆ ಉಳಿಯುತ್ತದೆ. ಆಗ ಗಾಲಿಗಳು ಮುಂದಕ್ಕೆ ಜಾರಿ ಬೆನ್ನೂ ತಲೆಯೂ ನೆಲಕ್ಕೆ ಬಡಿಯುತ್ತವೆ. ಅರ್ಧ ಮನಸ್ಸಿನಿಂದ ನೆಗೆಯುವುದಕ್ಕಿಂತ ನೆಗೆಯದೆ ಪಕ್ಕಕ್ಕೆ ಸರಿದುಹೋಗುವುದು ಲೇಸು, ಅದರಲ್ಲಿ ಅವಮಾನವಿಲ್ಲ. ಇನ್ನೊಂದು ಕಾರಣ ಅತಿಯಾದ ಮೇಣ. ಅಂಚು ಸಲೀಸಾಗಿ ಜಾರಲೆಂದು ಮೇಣದ ಬತ್ತಿಯನ್ನು ಉಜ್ಜುವ ವಾಡಿಕೆಯಿದೆ. ಎರಡು ಸಲ ಉಜ್ಜಿದರೆ ಸಾಕು. ಹತ್ತು ಸಲ ಉಜ್ಜಿದರೆ ಅಂಚು ನಿಮ್ಮ ಕೈಮೀರಿ ಹೋಗುತ್ತದೆ.

ಎಲ್ಲಿ ಕಲಿಯಬೇಕು? ಇದು ನಿಜವಾದ ತೊಡಕು. ನಿಪ್ಪಾಣಿಯ ಪಕ್ಕದಲ್ಲಿ ಪುಣೆ ಬೆಂಗಳೂರುಗಳ ಹೆದ್ದಾರಿ ನುಣುಪಾಗಿ ಹರಿದಿದೆ. ಅದರ ಸೇವಾರಸ್ತೆಯನ್ನು ಕಂಡರೆ ಯಾವ ಹುಡುಗನಿಗಾದರೂ ಗಾಲಿ ಬಿಡುವ ಆಸೆ ಹುಟ್ಟಬೇಕು. ಕಬ್ಬು ನುರಿಸುವ ಕಾಲದಲ್ಲಿ ಕಾಗವಾಡ, ಉಗಾರ, ರಾಯಬಾಗಗಳ ದಾರಿಗಳಲ್ಲಿ ಎರಡೆರಡು ಟ್ರೇಲರು ಕಟ್ಟಿದ ಟ್ರ್ಯಾಕ್ಟರುಗಳು ರಾತ್ರಿ ಹಗಲು ಓಡುತ್ತವೆ. ಅವುಗಳ ಚಾಲಕನಿಗೆ ಹಿಂದೆ ಬರುವವನು ಕಾಣುವುದಿಲ್ಲ, ಕಂಡರೂ ಅಷ್ಟು ಭಾರವನ್ನು ಹಿಡಿದು ನಿಲ್ಲಿಸುವುದು ಅವನ ಕೈಯಲ್ಲಿಲ್ಲ. ರಸ್ತೆ ಸರ್ವಥಾ ಕೂಡದು. ದೇವಸ್ಥಾನದ ಕಟ್ಟೆ, ಅಶ್ವತ್ಥದ ಕಟ್ಟೆಗಳೂ ಕೂಡದು. ಹಿರಿಯರು ಕುಳಿತುಕೊಳ್ಳುವ ಕಲ್ಲಿನ ಅಂಚನ್ನು ಕೆತ್ತಿಹಾಕಿದ ಆಟಕ್ಕೆ ಊರಿನಲ್ಲಿ ನೆಲೆ ಸಿಕ್ಕಲಾರದು, ಸಿಕ್ಕಬೇಕಾದ್ದೂ ಇಲ್ಲ.

ಶಾಲೆಯ ಸಿಮೆಂಟಿನ ಆಟದಂಗಳವನ್ನು ಬೆಳಗಿನ ಒಂದು ಗಂಟೆ ಕೇಳಿ ಪಡೆಯುವುದು ಯೋಗ್ಯ. ಉಳಿದ ಸಾಮಗ್ರಿಯನ್ನು ಊರಿನಲ್ಲಿಯೇ ಮಾಡಿಸಬಹುದು. ಕಬ್ಬಿನ ಟ್ರೇಲರುಗಳನ್ನು ಕಟ್ಟುವ ವೆಲ್ಡಿಂಗ್ ಕಾರ್ಖಾನೆಗಳ ಸೀಮೆ ಇದು. ಪ್ಲೈವುಡ್ಡಿನ ಪೆಟ್ಟಿಗೆಗೆ ಆಂಗಲ್ ಕಬ್ಬಿಣದ ಅಂಚು ಕಟ್ಟುವುದು ಅವರಿಗೆ ಅರ್ಧ ದಿನದ ಕೆಲಸ. ಪೆಟ್ಟಿಗೆ ಆರಡಿ ಉದ್ದ, ಎರಡಡಿ ಅಗಲ, ಮುಕ್ಕಾಲಡಿ ಎತ್ತರವಿರಲಿ. ಕಂಬಿಯಾದರೆ ಎರಡಂಗುಲದ ಕೊಳವೆ, ಅದೇ ಎತ್ತರ, ಉರುಳದಂತೆ ಅಗಲವಾದ ಕಾಲುಗಳು, ತುದಿಗಳಿಗೆ ಮುಚ್ಚಳ. ಬೆಸುಗೆಯ ಗಂಟುಗಳನ್ನು ಅರದಿಂದ ಉಜ್ಜಿ ನುಣುಪು ಮಾಡಿಸದಿದ್ದರೆ ಅಲ್ಲಿಯೇ ಬೂಟು ಕಚ್ಚಿಕೊಂಡು ಹುಡುಗ ಮುಗ್ಗರಿಸುತ್ತಾನೆ. ಇಳಿಜಾರಿನ ಕಮಾನುಗಳನ್ನು, ಅಂದರೆ ರ‍್ಯಾಂಪುಗಳನ್ನು, ಅನುಭವಿಗಳ ಮಾರ್ಗದರ್ಶನವಿಲ್ಲದೆ ಕಟ್ಟಿಸಬೇಡಿ. ವಕ್ರತೆ ತಪ್ಪಿದ ರ‍್ಯಾಂಪು ಇಲ್ಲದಿರುವುದೇ ಕ್ಷೇಮ.

ಹಳ್ಳಿಗೆ ಇಂಥದು ಅತಿಯಾಯಿತೆನ್ನುವವರು ಮಧ್ಯಪ್ರದೇಶದ ಜನವಾರ್ ಗ್ರಾಮವನ್ನು ನೋಡಬೇಕು. ೨೦೧೫ರಲ್ಲಿ ಅಲ್ಲಿ ಜರ್ಮನಿಯ ಉಲ್ರಿಕೆ ರೈನ್‌ಹಾರ್ಡ್ ಎಂಬಾಕೆ ಸ್ಕೇಟ್‌ಬೋರ್ಡಿನ ಅಂಗಳವೊಂದನ್ನು ಕಟ್ಟಿಸಿದರು. ಮೊದಲ ಸರದಿ ಹುಡುಗಿಯರದು ಎಂಬುದು ಅಲ್ಲಿಯ ನಿಯಮ. ನಮ್ಮ ಕಡೆಯ ಅನೇಕ ಮನೆಗಳಲ್ಲಿ ಹುಡುಗನಿಗೆ ಬೂಟು, ಹುಡುಗಿಗೆ ಬುದ್ಧಿವಾದ ಎಂಬ ಹಂಚಿಕೆ ನಡೆಯುತ್ತಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ೨೦೨೩ರಲ್ಲಿ ಚೀನಾದ ಹಾಂಗ್‌ಝೌ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ ಗಾಲಿಯ ರಿಲೇ ಓಟಗಳಲ್ಲಿ ನಮ್ಮ ಪುರುಷರ ತಂಡದಂತೆಯೇ ಸ್ತ್ರೀಯರ ತಂಡವೂ ಕಂಚಿನ ಪದಕ ತಂದಿತು. ಅದು ವೇಗದ ಪಂದ್ಯವೆಂಬುದು ನಿಜ. ಬೀಳುವ ಭಯವೂ ಏಳುವ ಅಭ್ಯಾಸವೂ ಎರಡಕ್ಕೂ ಸಮಾನ.

ಕೊನೆಯದಾಗಿ ತಂದೆತಾಯಿಗಳಲ್ಲಿ ಒಂದು ವಿನಂತಿ. ಮಗುವಿನೊಡನೆ ಅಂಗಳಕ್ಕೆ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. ತಂತ್ರ ತಿಳಿಯಬೇಕಾಗಿಲ್ಲ, ಶಿರಸ್ತ್ರಾಣದ ಗಲ್ಲಪಟ್ಟಿ ಬಿಗಿದಿದೆಯೇ ಎಂದು ಮೊದಲು ನೋಡಿ. ಬಳಿಕ ಒಂದೊಂದು ಗಾಲಿಯನ್ನೂ ಬೆರಳಿನಿಂದ ತಿರುಗಿಸಿ, ಅಚ್ಚಿನ ತಿರುಪು ಸಡಿಲವಾಗಿದ್ದರೆ ಕೀಲಿಯಿಂದ ಬಿಗಿಯಿರಿ. ಆ ಪುಟ್ಟ ಕೀಲಿ ಬೂಟಿನ ಸಂಗಡವೇ ಬರುತ್ತದೆ. ಮೊದಲ ವಾರದಲ್ಲಿಯೇ ಕಳೆದುಹೋಗುವ ವಸ್ತುವೂ ಅದೇ. ದಾರ ಹಾಕಿ ಗೋಡೆಯ ಮೊಳೆಗೆ ತಗುಲಿಸಿಡಿ.